ಕುರ್ಚಿ ಹೋದ ಮೇಲೆ ಹಿಡಿದ ಕೆಲಸ: ನನ್ನ ಅನುಭವ

2021ರ ಬೇಸಿಗೆಗೆ ರಾಜ್ಯದ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿಯಿತು, ನಾನೂ ಮಾಜಿ ಸದಸ್ಯನಾದೆ. ಸೋತು ಮಾಜಿಯಾದವರಿಗೆ ಯಾವ ಊರು ಕೈ ಹಿಡಿಯಿತು, ಯಾವ ಊರು ಬಿಟ್ಟಿತು ಎಂಬ ಲೆಕ್ಕವಾದರೂ ಸಿಗುತ್ತದೆ. ನಮಗೆ ಅದೂ ಇಲ್ಲ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಆಳಂದ ತಾಲ್ಲೂಕಿನ ನಮ್ಮೂರಲ್ಲಿ ಮುಂಜಾನೆ ಏಳಕ್ಕೆಲ್ಲ ಮನೆ ಮುಂದೆ ಸೇರುತ್ತಿದ್ದ ಮಂದಿ ಕಡಿಮೆಯಾದರು. ಬೋರ್‌ವೆಲ್ ಬೇಕಾದವರು, ಬಿಲ್ ನಿಂತವರು, ವರ್ಗಾವಣೆ ಆಗಬೇಕಾದವರು ಎಲ್ಲರೂ ಶಾಸಕರ ಮನೆ ಕಡೆ ಹೊರಳಿದರು. ಅವರ ಮೇಲೆ ಸಿಟ್ಟಿಲ್ಲ. ಕೆಲಸ ಆಗುವ ಕಡೆ ಜನ ಹೋಗುತ್ತಾರೆ, ಹೋಗಲೇಬೇಕು.

ಆದರೂ ನನ್ನ ಮಾತಿಗೆ ಬೆಲೆ ಉಳಿಯಬೇಕು ಎಂಬ ಆಸೆ ಇತ್ತು, ಮುಚ್ಚಿಡುವುದೇನಿದೆ? ಕಡತ ಹೇಗೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಯೋಜನೆಯ ದುಡ್ಡು ಯಾವ ತಿಂಗಳು ವಾಪಸ್ ಹೋಗುತ್ತದೆ ಎಂದು ಐದು ವರ್ಷ ಕಲಿತವನು ತೊಗರಿ ಹೊಲ ನೋಡಿಕೊಂಡು ಸುಮ್ಮನಿದ್ದರೆ ಆ ಕಲಿಕೆ ಯಾರಿಗೂ ದಕ್ಕುವುದಿಲ್ಲ. ಜೊತೆಗಿದ್ದ ಹುಡುಗರ ಸಲಹೆ ಒಂದೇ: "ಹುಟ್ಟುಹಬ್ಬಕ್ಕ ಫ್ಲೆಕ್ಸ್ ಹಾಕ್ಸರಿ, ಜಾತ್ರಿಗೆ ಬ್ಯಾನರ್ ಕಟ್ಟಸರಿ, ಇಲ್ಲಂದ್ರ ಮಂದಿ ಮರೀತಾರ." ನಾನು ಒಪ್ಪಲಿಲ್ಲ. ಫ್ಲೆಕ್ಸ್ ನೋಡಿದವರಿಗೆ ನೆನಪಾಗುವುದು ಮುಖ ಮಾತ್ರ.

ಕುರ್ಚಿ ಬಿಟ್ಟ ನಾಯಕರ ಮಾತು ತೆಗೆದರೆ ನಮ್ಮ ಕಟ್ಟೆಯಲ್ಲಿ ಉದಾಹರಣೆಗೆ ಬರವಿಲ್ಲ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿ 1978ರಲ್ಲಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಮರಳಿದರು, 1980ರಲ್ಲಿ ಮತ್ತೆ ಪ್ರಧಾನಿಯಾದರು. ಆ ಚಿಕ್ಕಮಗಳೂರಿನಲ್ಲಿ ಅವರೆದುರು ಸೋತವರು ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರೇ. 1971ರಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟವರು, ಅದೇ ಇಂದಿರಾ ಅವರ ಪಕ್ಷಕ್ಕೆ ಸೇರಿ, 1989ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಇನ್ನು ಮಲ್ಲಿಕಾರ್ಜುನ ಖರ್ಗೆಯವರದು ನಮ್ಮ ಕಣ್ಣೆದುರಿನದು. ಸೋಲಿಲ್ಲದ ಸರದಾರ ಎನಿಸಿಕೊಂಡವರು 2019ರಲ್ಲಿ ಕಲಬುರಗಿಯಲ್ಲೇ ಸೋತರು, ಮರುವರ್ಷ ರಾಜ್ಯಸಭೆಗೆ ಹೋದರು, 2021ರಲ್ಲಿ ಅಲ್ಲಿ ವಿರೋಧ ಪಕ್ಷದ ನಾಯಕರಾದರು, 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು.

ಇದು ಪಕ್ಷದ ದಾರಿ, ದೊಡ್ಡ ದಾರಿ. ಆದರೆ ನನ್ನಂಥವನಿಗೆ ಆ ದಾರಿಯ ಕೀಲಿ ಬೇರೆಯವರ ಕೈಯಲ್ಲಿರುತ್ತದೆ. ಪಕ್ಷ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕರೆಯುವವರೆಗೆ ಏನು ಮಾಡಬೇಕು? ಮೂವತ್ತು ವರ್ಷ ಹಳ್ಳಿ ಹಳ್ಳಿ ಸೈಕಲ್ ತುಳಿದ ನಮ್ಮೂರಿನ ನಿವೃತ್ತ ಆರೋಗ್ಯ ಸಹಾಯಕರೊಬ್ಬರು ಇದಕ್ಕೆ ಉತ್ತರ ತೋರಿಸಿದರು. ಅವರು ಹೇಳಿದ್ದು ನಾರುಹುಣ್ಣಿನ ಕಥೆ.

ನಮ್ಮ ಕಡೆ ಐವತ್ತು ದಾಟಿದವರಿಗೆ ನಾರುಹುಣ್ಣು ಗೊತ್ತು. ಪಾವಟಿಗೆ ಬಾವಿಗೆ ಇಳಿದು ಕೊಡ ತುಂಬುತ್ತಿದ್ದ ಕಾಲ. ಆ ನೀರಿನಲ್ಲಿರುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಗಳ ಹೊಟ್ಟೆಯಲ್ಲಿ ಹುಳುವಿನ ಮರಿ ಇರುತ್ತಿತ್ತು. ಆ ನೀರು ಕುಡಿದ ಸುಮಾರು ಒಂದು ವರ್ಷಕ್ಕೆ ಕಾಲಲ್ಲಿ ಬೊಕ್ಕೆ ಎದ್ದು, ಉರಿ ಹತ್ತಿ, ಒಡೆದು, ಒಳಗಿಂದ ಬಿಳಿ ಹುಳ ಹೊರಗೆ ಬರುತ್ತಿತ್ತು, ಮೀಟರ್ ಉದ್ದದ ತನಕ. ಎಳೆದರೆ ಹರಿಯುತ್ತದೆ, ಹರಿದರೆ ಕೀವಾಗುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಷ್ಟು ಮಾತ್ರ ತೆಗೆಯಬೇಕು. ಬಿತ್ತನೆಯ ಹೊತ್ತಿಗೇ ಬಂದರೆ ಆ ವರ್ಷ ಹೊಲ ಬೀಳು. ಉರಿ ತಾಳದೆ ಕಾಲನ್ನು ಬಾವಿಯ ನೀರಿಗೆ ಇಟ್ಟರೆ ಹುಳ ಅಲ್ಲೇ ಮರಿ ಬಿಡುತ್ತಿತ್ತು, ಮುಂದಿನ ವರ್ಷ ಇಡೀ ಓಣಿಗೆ ಅದೇ ಪಾಡು. ಇದಕ್ಕೆ ಮದ್ದಿಲ್ಲ, ಲಸಿಕೆ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಬಾವಿಗೆ ಔಷಧ ಹಾಕುವುದು, ಪಾವಟಿಗೆ ಮುಚ್ಚಿ ಸೇದುವ ಬಾವಿ ಮಾಡುವುದು, ಕೈಪಂಪು ಹಾಕುವುದು, ಇಷ್ಟೇ ದಾರಿ. ಭಾರತದಲ್ಲಿ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದ ಜೋಧಪುರದ ಕಡೆ ಸಿಕ್ಕರು, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು.

"ನಾವು ಇಲ್ಲಿ ಮಾಡಿದ ಕೆಲಸಾನೇ ಅಮೆರಿಕಾದ ಮಾಜಿ ಅಧ್ಯಕ್ಷ ಆಫ್ರಿಕಾದಾಗ ಮಾಡಿದ ನೋಡ್ರಿ" ಎಂದರು ಆ ಹಿರಿಯರು. ಜಿಮ್ಮಿ ಕಾರ್ಟರ್ ಬಗ್ಗೆ ಸಿಕ್ಕಿದ್ದೆಲ್ಲ ಓದಲು ಕೂತದ್ದು ಆಮೇಲೆ.

ಕಾರ್ಟರ್ 1980ರಲ್ಲಿ ಸೋತದ್ದು ಸಣ್ಣ ಸೋಲಲ್ಲ. ಅಲ್ಲಿ ಅಧ್ಯಕ್ಷರನ್ನು ಆರಿಸುವ 538 ಎಲೆಕ್ಟೋರಲ್ ಮತಗಳಲ್ಲಿ ಅವರಿಗೆ ಬಿದ್ದದ್ದು 49. ಜಾರ್ಜಿಯಾದ ಪ್ಲೇನ್ಸ್ ಎಂಬ ಹಳ್ಳಿಗೆ ವಾಪಸ್ ಬಂದಾಗ ವಯಸ್ಸು 56, ಶೇಂಗಾ ವ್ಯವಹಾರ ಸಾಲದಲ್ಲಿ ಮುಳುಗಿತ್ತು. 1982ರಲ್ಲಿ ಎಮೊರಿ ವಿಶ್ವವಿದ್ಯಾಲಯದ ಜೊತೆ ಕಾರ್ಟರ್ ಸೆಂಟರ್ ಕಟ್ಟಿದರು. 1986ರಲ್ಲಿ ನಾರುಹುಣ್ಣಿಗೆ ಕೈ ಹಾಕಿದರು. ಆಗ ಜಗತ್ತಿನ 21 ದೇಶಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಅದು ಬರುತ್ತಿತ್ತು. 2023ಕ್ಕೆ ಉಳಿದದ್ದು 14 ಪ್ರಕರಣ. 2002ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅವರು ಅಧಿಕಾರ ಬಿಟ್ಟು ಎರಡು ದಶಕ ದಾಟಿತ್ತು.

ನನ್ನನ್ನು ಇನ್ನೂ ಹೆಚ್ಚು ಹಿಡಿದು ನಿಲ್ಲಿಸಿದವರು ಅವರ ಜೊತೆ ಸೇರಿದ ಇನ್ನಿಬ್ಬರು. ನೈಜೀರಿಯಾದ ಜನರಲ್ ಯಾಕುಬು ಗೋವೊನ್ ದೇಶದ ಮುಖ್ಯಸ್ಥರಾಗಿದ್ದವರು. 1975ರಲ್ಲಿ ಸಮ್ಮೇಳನಕ್ಕೆಂದು ಉಗಾಂಡಾದ ಕಂಪಾಲಕ್ಕೆ ಹೋಗಿದ್ದಾಗ ಸೈನ್ಯವೇ ಅವರನ್ನು ಇಳಿಸಿತು. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಸೇರಿದರು, ಡಾಕ್ಟರೇಟ್ ಪಡೆದರು. ಮುಂದೆ ಕಾರ್ಟರ್ ಸೆಂಟರ್ ಜೊತೆಗೂಡಿ ತಮ್ಮದೇ ದೇಶದ ನಾರುಹುಣ್ಣಿನ ಹಳ್ಳಿಗಳಿಗೆ ಹೋಗಿ ನೀರಿನ ವ್ಯವಸ್ಥೆಗಾಗಿ ಅಧಿಕಾರಿಗಳ ಬೆನ್ನು ಹತ್ತಿದರು. ಒಂದು ಕಾಲಕ್ಕೆ ಆರು ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದ ನೈಜೀರಿಯಾ 2013ರಲ್ಲಿ ರೋಗಮುಕ್ತ ಎನಿಸಿಕೊಂಡಿತು. ಮಾಲಿ ದೇಶದ ಅಮಾದು ತುಮಾನಿ ತುರೆ 1992ರಲ್ಲಿ ತಾವಾಗಿಯೇ ಅಧಿಕಾರವನ್ನು ಚುನಾಯಿತ ಸರ್ಕಾರಕ್ಕೆ ಕೊಟ್ಟು ಇದೇ ಹುಳುವಿನ ಬೆನ್ನು ಹತ್ತಿದರು. ಹತ್ತು ವರ್ಷಕ್ಕೆ ಜನ ಅವರನ್ನೇ ಓಟು ಹಾಕಿ ಅಧ್ಯಕ್ಷರನ್ನಾಗಿ ಮಾಡಿದರು.

ರಾಜೀನಾಮೆ ಕೊಟ್ಟು ಹೋದ ಅಮೆರಿಕಾದ ಇನ್ನೊಬ್ಬ ಅಧ್ಯಕ್ಷ ನಿಕ್ಸನ್ ಕೂಡ ಪುಸ್ತಕ ಬರೆದು, ಟಿವಿ ಸಂದರ್ಶನಕ್ಕೆ ಕೂತು, ಮುಂದಿನ ಅಧ್ಯಕ್ಷರಿಗೆ ವಿದೇಶಾಂಗದ ಸಲಹೆ ಕೊಟ್ಟು ಒಂದು ಮಟ್ಟಕ್ಕೆ ಮರ್ಯಾದೆ ಗಳಿಸಿಕೊಂಡರು. ಆದರೆ ಅದಕ್ಕೆ ನಿಕ್ಸನ್ನರ ತಲೆ ಬೇಕು, ಓದುಗರು ಬೇಕು. ಹಳ್ಳಿಯ ಮಾಜಿ ಸದಸ್ಯನ ಆತ್ಮಕಥೆ ಯಾರಿಗೆ ಬೇಕಾಗಿದೆ? ನೀರು ಎಲ್ಲರಿಗೂ ಬೇಕು.

ನಾನು ನೀರನ್ನೇ ಹಿಡಿದೆ. ನಾರುಹುಣ್ಣು ಹೋಯಿತು, ವಾಂತಿಭೇದಿ ಹೋಗಿಲ್ಲ. ಮೊದಲ ಮಳೆ ಬಿದ್ದ ಕೂಡಲೇ ನಮ್ಮ ಭಾಗದ ಯಾವುದೋ ಒಂದು ಊರಿಂದ ಆಂಬುಲೆನ್ಸ್ ಓಡುವುದು ಪ್ರತಿವರ್ಷದ ಮಾತು. ಜಲಜೀವನ ಮಿಷನ್ ಬಂದ ಮೇಲೆ ನಳ ಬಂದಿದೆ, ಪ್ರತಿ ಊರಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂಬ ನಿಯಮವೂ ಇದೆ. ಆದರೆ ನಾನು ನೋಡಿದ ಊರುಗಳಲ್ಲಿ ಕಿಟ್ಟಿನ ಡಬ್ಬಿ ಬೀರುವಿನಲ್ಲಿ ಬೀಗ ಹಾಕಿಕೊಂಡಿರುತ್ತಿತ್ತು. ಪರೀಕ್ಷೆ ಮಾಡಲು ಸದಸ್ಯನಾಗಿರಬೇಕಿಲ್ಲ, ಆದೇಶ ಬೇಕಿಲ್ಲ. ನನಗೆ ಬೇಕಾಗಿದ್ದೂ ಅಂಥದ್ದೇ ಕೆಲಸ.

ಒಂದು ಸಣ್ಣ ಬಾಟಲಿ, ಒಳಗೆ ಔಷಧ ಹಚ್ಚಿದ ಕಾಗದದ ಚೂರು. ಎಚ್‌ಟೂಎಸ್ ಬಾಟಲಿ ಎನ್ನುತ್ತಾರೆ. ಗೆರೆಯ ತನಕ ನಳದ ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರಿನಲ್ಲಿ ಮಲದ ಸೋಂಕು ಇದ್ದರೆ ಕಪ್ಪಾಗುತ್ತದೆ. ನಾನು ಮೊದಲು ಹೋದದ್ದು ಒಂದು ತಾಂಡಾಕ್ಕೆ. ಟ್ಯಾಂಕಿನ ಬುಡದ ನಳದಿಂದ ಒಂದು, ಓಣಿಯ ಕೊನೆಯ ಮನೆಯ ನಳದಿಂದ ಒಂದು, ಎರಡೂ ಬಾಟಲಿಗಳನ್ನು ಸೇವಾಲಾಲ್ ಗುಡಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆವು. ಮರುದಿನ ಹೋಗುವಷ್ಟರಲ್ಲಿ ಗುಂಪು ಸೇರಿತ್ತು. ಟ್ಯಾಂಕಿನದು ಬಂದ ಬಣ್ಣದಲ್ಲೇ ಇತ್ತು. ಕೊನೆಯ ಮನೆಯದು ಕಾಡಿಗೆಯ ಹಾಗೆ ಕಪ್ಪಾಗಿತ್ತು. ಯಾರೂ ಭಾಷಣ ಮಾಡಬೇಕಾಗಿ ಬರಲಿಲ್ಲ. ಒಬ್ಬ ಅಜ್ಜಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದು "ಇದನ್ನೇ ಏನ್ರಿ ನಮ್ಮ ಮೊಮ್ಮಕ್ಕಳು ಕುಡ್ಯಾದು?" ಎಂದು ಕೇಳಿದಳು.

ಟ್ಯಾಂಕಿಗೂ ಆ ಮನೆಗೂ ನಡುವೆ ಪೈಪು ಚರಂಡಿಯೊಳಗಿಂದ ಹಾದಿತ್ತು, ಜೋಡಣೆ ಸಡಿಲವಾಗಿತ್ತು. ನಳ ನಿಂತಾಗ ಒತ್ತಡ ಇಲ್ಲದೆ ಚರಂಡಿ ನೀರು ಒಳಗೆ ಎಳೆದುಕೊಳ್ಳುತ್ತದೆ, ಮತ್ತೆ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಅದೇ ಬರುತ್ತದೆ. ಇಲ್ಲಿ ನಾನು ತೆಗೆದುಕೊಂಡ ನಿರ್ಧಾರ ಮುಂದಿನ ಎಲ್ಲ ಊರಿಗೂ ಕಟ್ಟಳೆಯಾಯಿತು. ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಬೇಡಿ ಎಂದು ಹುಡುಗರಿಗೆ ಹೇಳಿ ನೇರವಾಗಿ ಪಿಡಿಒ ಮತ್ತು ಗ್ರಾಮ ಪಂಚಾಯಿತಿ ಅಧ್ಯಕ್ಷೆಯ ಹತ್ತಿರ ಬಾಟಲಿ ಒಯ್ದೆ. ದುರಸ್ತಿ ಮಾಡಿಸಿದವರು ಅವರು, ತಾಂಡಾಕ್ಕೆ ಬಂದು ಹೇಳಿದವರೂ ಅವರೇ. ಅಧಿಕಾರದಲ್ಲಿ ಇರುವವರಿಗೆ ಮಾಜಿಗಳೆಂದರೆ ಮೊದಲೇ ಅನುಮಾನ, ಮುಂದಿನ ಚುನಾವಣೆಯ ಎದುರಾಳಿಯಂತೆ ನೋಡುತ್ತಾರೆ. ಕಾರ್ಟರ್ ಕೂಡ 1994ರಲ್ಲಿ ಉತ್ತರ ಕೊರಿಯಾಕ್ಕೆ ಹೋಗಿ ಅಲ್ಲಿನ ನಾಯಕ ಕಿಮ್ ಇಲ್ ಸುಂಗ್ ಜೊತೆ ಮಾತಾಡಿ ಅದನ್ನು ಟಿವಿಯಲ್ಲಿ ಹೇಳಿಬಿಟ್ಟಾಗ ಆಗಿನ ಅಧ್ಯಕ್ಷ ಕ್ಲಿಂಟನ್ ಸರ್ಕಾರಕ್ಕೆ ಕಸಿವಿಸಿಯಾಗಿತ್ತು. ಅದೇ ಕಾರ್ಟರ್ ನಾರುಹುಣ್ಣಿನಲ್ಲಿ ಪ್ರತಿ ದೇಶದ ಆರೋಗ್ಯ ಸಚಿವಾಲಯವನ್ನು ಮುಂದಿಟ್ಟುಕೊಂಡೇ ನಡೆದರು, ಹಳ್ಳಿಯ ಸ್ವಯಂಸೇವಕರ ಕೈಗೆ ಕೆಲಸ ಕೊಟ್ಟರು. ನನಗೆ ಈ ಎರಡನೆಯ ಕಾರ್ಟರ್ ಹೆಚ್ಚು ಇಷ್ಟ.

ಆಮೇಲೆ ವಾಟರ್‌ಮನ್‌ಗಳು. ಇಡೀ ಊರಿನ ಜೀವ ಇವರ ಕೈಯಲ್ಲಿದೆ, ಸಂಬಳ ಮಾತ್ರ ಹೊತ್ತಿಗೆ ಬರುವುದಿಲ್ಲ, ಹೇಳಿಕೊಡುವವರೂ ಇಲ್ಲ. ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ, ಅಂದರೆ 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಪುಡಿಯನ್ನು ನೇರವಾಗಿ ಸುರಿಯುವುದಲ್ಲ, ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ನೀರನ್ನು ಹಾಕಬೇಕು, ಅರ್ಧ ಗಂಟೆಯಾದರೂ ಬಿಟ್ಟು ಆಮೇಲೆ ವಾಲ್ವ್ ತಿರುಗಿಸಬೇಕು. ಬಾಯಿ ತೆರೆದ ಚೀಲದ ಪುಡಿ ನಮ್ಮ ಕಲಬುರಗಿಯ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಅದಕ್ಕೆ ಗಟ್ಟಿ ಮುಚ್ಚಳದ ಡಬ್ಬಿ ಬೇಕು. ಕೊನೆಯ ಮನೆಯ ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಸರಿ. ಹನಿ ಔಷಧ ಹಾಕಿ ಹಳದಿ ಬಣ್ಣ ಬಂತೇ ಎಂದು ನೋಡಿದರೆ ಗೊತ್ತಾಗುತ್ತದೆ. ಇಷ್ಟನ್ನು ಟ್ಯಾಂಕಿನ ಕೆಳಗೆ ನಿಂತು ಮಾಡಿ ತೋರಿಸಿದರೆ ಯಾವ ವಾಟರ್‌ಮನ್ನೂ ಕಲಿಯುತ್ತಾನೆ. ಗೋಡೆಯ ಮೇಲೆ ಸುಣ್ಣ ಬಳಿದು ದಿನಾಂಕ, ಹಾಕಿದ ಗ್ರಾಂ, ಬಾಟಲಿಯ ಬಣ್ಣ ಬರೆಯುವ ರೂಢಿ ಹಾಕಿದೆವು. ಆ ಗೋಡೆಗಳ ಮೇಲೆ ನನ್ನ ಹೆಸರು ಎಲ್ಲೂ ಇಲ್ಲ, ಬರೆಸಬಾರದೆಂದು ಮೊದಲೇ ಹೇಳಿದ್ದೆ.

ಮೊದಲು ಮಂದಿ ನಂಬಲಿಲ್ಲ. "ಎಲೆಕ್ಷನ್ ಬಂದದ ಕಾಣ್ತದ" ಎಂದರು. ಚುನಾವಣೆ ಬರಲಿಲ್ಲ, ನಾನು ಮಾತ್ರ ಹೋಗುತ್ತಲೇ ಇದ್ದೆ. ಎರಡನೆಯ ಮಳೆಗಾಲಕ್ಕೆ ಮಾತಿನ ಧಾಟಿ ಬದಲಾಯಿತು. ತಾಲ್ಲೂಕಿನ ಕಚೇರಿಯಲ್ಲಿ, ನಾನು ಸದಸ್ಯನಾಗಿದ್ದಾಗಲೂ ಕಾಯಿಸುತ್ತಿದ್ದ ಅಧಿಕಾರಿಯೊಬ್ಬರು ಹಳ್ಳಿಗಳ ಪಟ್ಟಿ ಮುಂದಿಟ್ಟು "ಎಲ್ಲಿ ಮೊದಲು ನೋಡಬೇಕು, ನೀವೇ ಹೇಳಿ" ಎಂದರು. ಹೊಲದ ದಾರಿಯ ತಕರಾರಿಗೆ ಅಣ್ಣತಮ್ಮಂದಿರು ಠಾಣೆಗೆ ಹೋಗುವ ಮೊದಲು ಮನೆಗೆ ಬಂದು ಕೂರುತ್ತಾರೆ. ನೀರಿಗೂ ದಾರಿಗೂ ಸಂಬಂಧವಿಲ್ಲ, ಆದರೆ ಬಾಟಲಿಯ ಬಣ್ಣವನ್ನು ಇದ್ದದ್ದು ಇದ್ದಂತೆ ಹೇಳಿದವನು ದಾರಿಯ ವಿಷಯದಲ್ಲೂ ಹಾಗೆಯೇ ಹೇಳುತ್ತಾನೆ ಎಂದು ಅವರ ಎಣಿಕೆ. ಸದಸ್ಯನಾಗಿದ್ದಾಗ ನನಗೆ ಈ ಬಗೆಯ ಪ್ರಭಾವ ಇರಲಿಲ್ಲ. ಆಗ ಬರುತ್ತಿದ್ದವರು ಸಹಿಗಾಗಿ ಬರುತ್ತಿದ್ದರು.

ಚುನಾವಣೆ ಬಂದರೆ ನಿಲ್ಲುತ್ತೀರಾ ಎಂದು ಕೇಳುತ್ತಾರೆ. ಮೀಸಲಾತಿ ನನಗೆ ಅನುಕೂಲವಾಗಿ ಬಂದರೆ ನಿಲ್ಲುತ್ತೇನೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ನೀರಿನ ಕೆಲಸವನ್ನು ಅದಕ್ಕೆ ಗಂಟು ಹಾಕಿಲ್ಲ. ಬಾಟಲಿ ನೋಡುವುದು ಈಗ ಆಯಾ ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಕೈಯಲ್ಲಿದೆ. ನೋಡಿಯಾದ ಬಾಟಲಿಗೆ ಬ್ಲೀಚಿಂಗ್ ನೀರು ಹಾಕಿ ಸೋಂಕು ಕೊಂದೇ ಎಸೆಯಬೇಕು ಎಂಬುದನ್ನು ಅವರು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಈಗ ಹಿಡಿದಿರುವುದು ಫ್ಲೋರೈಡ್. ಇದು ಬಾಟಲಿಯಲ್ಲಿ ಕಪ್ಪಾಗಿ ಕಾಣುವುದಿಲ್ಲ, ನೀರು ಕಾಯಿಸಿದರೂ ಹೋಗುವುದಿಲ್ಲ, ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬೋರ್‌ವೆಲ್ ನೀರನ್ನು ಮಕ್ಕಳಿಗೆ ವರ್ಷಗಟ್ಟಲೆ ಕುಡಿಸಿದರೆ ಹಲ್ಲಿನ ಮೇಲೆ ಕಂದು ಪಟ್ಟಿ ಮೂಡುತ್ತದೆ, ಇನ್ನೂ ಹೆಚ್ಚಾದರೆ ಎಲುಬಿಗೆ ಇಳಿಯುತ್ತದೆ. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಹಲ್ಲು ನೋಡುತ್ತ, ಯಾವ ಓಣಿಯ ಮಗು ಯಾವ ಬೋರಿನ ನೀರು ಕುಡಿಯುತ್ತದೆ ಎಂಬ ಪಟ್ಟಿ ಮಾಡುತ್ತಿದ್ದೇವೆ. ಪಟ್ಟಿ ಮುಗಿದ ಊರಿನ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸುತ್ತೇವೆ, ವರದಿ ಬಂದ ಮೇಲೆ ಕೆಟ್ಟ ಬೋರುಗಳಿಗೆ ಕೆಂಪು ಬಣ್ಣ ಬಳಿದು, ಬೇರೆ ಮೂಲದಿಂದ ಪೈಪು ಎಳೆಯಿರಿ ಎಂದು ಗ್ರಾಮಸಭೆಯಲ್ಲೇ ಠರಾವು ಮಾಡಿಸುತ್ತೇವೆ. ಪಕ್ಕದ ತಾಲ್ಲೂಕಿನ ಮಾಜಿ ಸದಸ್ಯರಿಬ್ಬರು, ಒಬ್ಬರು ನಮ್ಮ ಪಕ್ಷದವರು, ಒಬ್ಬರು ಎದುರು ಪಕ್ಷದವರು, ತಮ್ಮ ಕಡೆಯ ಶಾಲೆಗಳನ್ನು ತಾವು ನೋಡುವುದಾಗಿ ಒಪ್ಪಿದ್ದಾರೆ.