ಮಿಲ್ಲಿನ ಸದ್ದು, ಪಕ್ಕದ ಬಡಾವಣೆ: ಅಳೆದು ಇಳಿಸಿದ ನನ್ನ ಅನುಭವ

ಸದ್ದು ಜಾಸ್ತಿ ಅಂತ ದೂರು ಬಂದ ಕೂಡಲೇ ಮಿಲ್ ಮಾಲೀಕರ ತಲೆಗೆ ಹೊಳೆಯುವುದು ಎರಡೇ ವಿಷಯ. ಒಂದು, ಕಾಂಪೌಂಡ್ ಎತ್ತರಿಸುವುದು. ಇನ್ನೊಂದು, ಬೇಲಿಗುಂಟ ಸಿಲ್ವರ್ ಓಕ್ ನೆಡುವುದು. ಶಿವಮೊಗ್ಗದ ಸುತ್ತಮುತ್ತ ಸದ್ದು ಅಳೆಯುವ ಕೆಲಸ ಮಾಡುವ ನಾನು ಈ ಎರಡನ್ನೂ ಬೇಡ ಅನ್ನುವುದರಲ್ಲೇ ಅರ್ಧ ದಿನ ಕಳೆಯುತ್ತೇನೆ. ಮರದ ಒಂದು ಸಾಲು ಸದ್ದನ್ನು ತಡೆಯುವುದಿಲ್ಲ. ಮಿಲ್ಲು ಕಣ್ಣಿಗೆ ಕಾಣದಂತೆ ಮಾಡುತ್ತದೆ ಅಷ್ಟೇ. ಗೋಡೆ ಸ್ವಲ್ಪ ತಡೆಯುತ್ತದೆ, ಆದರೆ ಮಹಡಿ ಮನೆಯವರಿಗೆ ಅದರಿಂದ ಏನೂ ಲಾಭವಿಲ್ಲ.

ಇಲ್ಲಿ ಹೇಳುತ್ತಿರುವುದು ಊರಿನ ಅಂಚಿನ ಒಂದು ರೈಸ್ ಮಿಲ್ಲಿನ ಕತೆ. ತುಂಗಾ ನಾಲೆಯ ಪಕ್ಕ ಇದೆ. ಮಿಲ್ಲು ಕಟ್ಟಿದಾಗ ಸುತ್ತ ಬರೀ ಗದ್ದೆ. ಆಮೇಲೆ ಗದ್ದೆ ಸೈಟಾಯಿತು, ಸೈಟು ಮನೆಯಾಯಿತು. ಈಗ ಹತ್ತಿರದ ಮನೆಗೂ ಮಿಲ್ಲಿನ ಹಿಂಗೋಡೆಗೂ ಸುಮಾರು 80 ಮೀಟರ್ ದೂರ. 'ನಾವು ಮೊದಲು ಬಂದವರು' ಅಂತ ಮಾಲೀಕರು. 'ನಾವು ಸಾಲ ಮಾಡಿ ಮನೆ ಕಟ್ಟಿದವರು' ಅಂತ ಬಡಾವಣೆಯವರು. ಇಬ್ಬರದ್ದೂ ನಿಜವೇ. ಆದರೆ ಕಾನೂನು ಯಾರು ಮೊದಲು ಬಂದರು ಅಂತ ಕೇಳುವುದಿಲ್ಲ, ಜಾಗ ಯಾವ ವಲಯದ್ದು ಅಂತ ಕೇಳುತ್ತದೆ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಹಗಲು ಅಂದರೆ ಬೆಳಗ್ಗೆ 6ರಿಂದ ರಾತ್ರಿ 10. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಜಾಸ್ತಿ ಇದ್ದರೆ ಜನ ದೂರು ಕೊಡಬಹುದು ಅಂತಲೂ ನಿಯಮ ಹೇಳುತ್ತದೆ. ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶದ ಒಳಗೆ ಇದೇ ಮಿಲ್ಲು ಇದ್ದಿದ್ದರೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ.

ಅಳೆಯಲು ಯಾವ ಕಾಲ ಅನ್ನುವುದು ಮಲೆನಾಡಿನಲ್ಲಿ ದೊಡ್ಡ ಪ್ರಶ್ನೆ. ಮಳೆಗಾಲದಲ್ಲಿ ಮೀಟರ್ ಇಟ್ಟರೆ ಅದು ಮಿಲ್ಲನ್ನು ಕೇಳುವುದಿಲ್ಲ, ಕಪ್ಪೆಯನ್ನು ಕೇಳುತ್ತದೆ. ನಾಲೆ ಪಕ್ಕ ಅಂದ ಮೇಲೆ ಹೇಳಬೇಕಾ? ಜೀರುಂಡೆ ಶುರುವಾದರಂತೂ ಎಲ್ಲ ಯಂತ್ರ ನಿಂತಿದ್ದರೂ ಮೀಟರ್ 45 ದಾಟಿ ಕೂತಿರುತ್ತದೆ. ಜೀರುಂಡೆಯ ಸದ್ದು ತೀರ ಮೇಲಿನ ಆವರ್ತನದ್ದು, ಮಿಲ್ಲಿನದು ಕೆಳಗಿನದು. ಹಾಗಾಗಿ ಬ್ಯಾಂಡ್, ಅಂದರೆ ಆವರ್ತನದ ಒಂದೊಂದು ಪಟ್ಟಿ, ಬೇರೆ ಬೇರೆ ತೋರಿಸುವ ಮೀಟರ್ ಇದ್ದರೆ ಜೀರುಂಡೆಯನ್ನು ಲೆಕ್ಕದಿಂದ ತೆಗೆಯಬಹುದು. ಮೊಬೈಲ್ ಆಪ್‌ನಲ್ಲಿ ಬರುವ ಒಂದೇ ಒಂದು ಸಂಖ್ಯೆಯಲ್ಲಿ ಇದು ಆಗುವುದಿಲ್ಲ.

ಸರಿಯಾದ ಕಾಲ ಮಾಗಿ. ಭತ್ತದ ಕಟಾವು ಮುಗಿದು ಮಿಲ್ಲು ಹಗಲೂ ರಾತ್ರಿ ಓಡುವುದು ಆಗಲೇ. ಜೊತೆಗೆ ಇನ್ನೊಂದು ಕಾರಣ ಇದೆ. ಮೋಡವಿಲ್ಲದ ಚಳಿ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಹಗಲಲ್ಲಿ ಮೇಲಕ್ಕೆ ಹೋಗಿ ಕಳೆದುಹೋಗುವ ಸದ್ದು ಆಗ ಬಾಗಿ ಕೆಳಗೆ ಬರುತ್ತದೆ. 'ಹಗಲು ಕೇಳದ್ದು ರಾತ್ರಿ ಕಿವಿಯಲ್ಲೇ ಕೂತಂಗೆ ಇರುತ್ತೆ ಸಾರ್' ಅಂತ ಬಡಾವಣೆಯವರು ಹೇಳಿದ್ದು ಸುಳ್ಳಲ್ಲ. ರಾತ್ರಿ ಸುತ್ತಲಿನ ಸದ್ದು ಇಳಿದಿರುತ್ತದೆ ಅನ್ನುವುದು ಅರ್ಧ ಕಾರಣ, ಈ ಬಾಗುವಿಕೆ ಇನ್ನರ್ಧ.

ಮೀಟರನ್ನು ಸ್ಟ್ಯಾಂಡಿನ ಮೇಲೆ ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ, ಮನೆ ಗೋಡೆಯಿಂದ ಮೂರು ಮೂರೂವರೆ ಮೀಟರ್ ದೂರ ಇಡುತ್ತೇನೆ. ಗೋಡೆಗೆ ಹತ್ತಿರ ಇಟ್ಟರೆ ಗೋಡೆಯಿಂದ ವಾಪಸ್ ಬಂದ ಸದ್ದೂ ಸೇರಿ 3 ಡೆಸಿಬಲ್‌ವರೆಗೆ ಜಾಸ್ತಿ ತೋರಿಸುತ್ತದೆ. ಮೈಕ್‌ಗೆ ಸ್ಪಂಜಿನ ಟೋಪಿ ಕಡ್ಡಾಯ. ಶುರುವಿನಲ್ಲೂ ಕೊನೆಯಲ್ಲೂ 94 ಡೆಸಿಬಲ್ ಕೊಡುವ ಕ್ಯಾಲಿಬ್ರೇಟರ್ ಹಾಕಿ ನೋಡಬೇಕು. ಇಷ್ಟು ಮಾಡಿರದಿದ್ದರೆ ನಾಳೆ ಯಾರಾದರೂ ಪ್ರಶ್ನೆ ಮಾಡಿದಾಗ ಉತ್ತರ ಇರುವುದಿಲ್ಲ.

ಆ ರಾತ್ರಿ ಹತ್ತಿರದ ಮನೆಯ ಅಂಗಳದಲ್ಲಿ ಸರಾಸರಿ 58 ಬಂತು. ಮಿಲ್ಲು ಪೂರ್ತಿ ನಿಂತಾಗ 41. ಈ ಎರಡನೇ ಸಂಖ್ಯೆ ಸಿಗುವುದು ಕಷ್ಟ, ಯಾಕಂದ್ರೆ ಸುಗ್ಗಿಯಲ್ಲಿ ಮಿಲ್ಲು ನಿಲ್ಲಿಸಿ ಅಂದರೆ ಯಾರೂ ಕೇಳುವುದಿಲ್ಲ. ಕರೆಂಟ್ ಹೋದಾಗ ಅಳೆಯೋಣ ಅಂತ ಕೆಲವರು ಉಪಾಯ ಹೇಳುತ್ತಾರೆ. ಆಗ ಊರೆಲ್ಲ ಜನರೇಟರ್ ಶುರುವಾಗುತ್ತದಲ್ಲ! ನಾನು ಪಾಳಿ ಬದಲಾಗುವ ಹೊತ್ತಿನ ಟೀ ಬಿಡುವನ್ನೇ ಬಳಸಿಕೊಂಡೆ.

ಆಮೇಲೆ ಮಾಡಿದ್ದೇ ಮುಖ್ಯ ಕೆಲಸ. ಒಂದೊಂದೇ ಯಂತ್ರ ನಿಲ್ಲಿಸಿ ನೋಡುವುದು. ಒಳಗೆ ನಿಂತರೆ ಕಿವಿಗೆ ಬಡಿಯುವುದು ಅಕ್ಕಿಗೆ ಹೊಳಪು ಕೊಡುವ ಪಾಲಿಶರ್ ಮತ್ತು ಭತ್ತದ ಹೊಟ್ಟು ಬಿಡಿಸುವ ಶೆಲ್ಲರ್. ಮಾಲೀಕರೂ ಅವನ್ನೇ ತೋರಿಸಿದರು. ಒಳಗಿನ ಸದ್ದು 90 ದಾಟಿತ್ತು. 8 ಗಂಟೆಯ ಪಾಳಿಗೆ ಅದೇ ಮಿತಿ, ಕೆಲಸದವರ ಕಿವಿಗೆ ಇಯರ್ ಪ್ಲಗ್ ಕೊಡಿ ಅಂತ ಅಲ್ಲೇ ಹೇಳಿದೆ. ಆದರೆ ಪಾಲಿಶರ್ ನಿಲ್ಲಿಸಿದಾಗ ಮನೆ ಹತ್ತಿರದ ಮೀಟರ್ ಅಲ್ಲಾಡಲೇ ಇಲ್ಲ. ಹೊಟ್ಟು ಎಳೆಯುವ ಬ್ಲೋವರ್ ನಿಲ್ಲಿಸಿದ ತಕ್ಷಣ 58 ಇದ್ದದ್ದು 51ಕ್ಕೆ ಬಂತು. ಡೆಸಿಬಲ್ ಲೆಕ್ಕ ಮಾಮೂಲಿ ಕೂಡುವ ಕಳೆಯುವ ಲೆಕ್ಕವಲ್ಲ. 58ರಲ್ಲಿ 51 ಕಳೆದರೆ ಬ್ಲೋವರ್ ಒಂದರದ್ದೇ 57 ಉಳಿಯುತ್ತದೆ. ಅಂದರೆ ಬ್ಲೋವರ್ ಮುಟ್ಟದೆ ಉಳಿದ ಎಲ್ಲ ಯಂತ್ರಗಳನ್ನು ಹತ್ತಿಯಲ್ಲಿ ಸುತ್ತಿಟ್ಟರೂ ಬಡಾವಣೆಗೆ ಒಂದು ಡೆಸಿಬಲ್ ಕಡಿಮೆ ಆಗುತ್ತಿತ್ತು, ಅಷ್ಟೇ.

ಬ್ಲೋವರ್ ಇರುವುದು ಒಳಗೆ. ಆದರೆ ಅದರ ಸದ್ದು ಗಾಳಿ ಹೋಗುವ ಡಕ್ಟ್ ಹಿಡಿದು, ಗಾಳಿಯಿಂದ ಹೊಟ್ಟು ಬೇರ್ಪಡಿಸುವ ಸೈಕ್ಲೋನ್‌ಗೆ ಹೋಗಿ, ಚಾವಣಿಯ ಮೇಲಿನ ಕೊಳವೆ ಬಾಯಿಂದ ಹೊರಗೆ ಬರುತ್ತಿತ್ತು. ಆ ಬಾಯಿ ತಿರುಗಿದ್ದು ನೇರ ಮನೆಗಳ ಕಡೆ. ಬ್ಲೋವರ್‌ಗೆ ಆರು ರೆಕ್ಕೆ, ನಿಮಿಷಕ್ಕೆ 1700 ಸುತ್ತು. 1700ನ್ನು 60ರಿಂದ ಭಾಗಿಸಿ ಆರರಿಂದ ಗುಣಿಸಿದರೆ 170 ಹರ್ಟ್ಸ್, ಅಂದರೆ ಸೆಕೆಂಡಿಗೆ 170 ಬಡಿತ. ಮೀಟರಿನಲ್ಲೂ 170 ಸೇರುವ 160ರ ಬ್ಯಾಂಡ್ ಅಕ್ಕಪಕ್ಕದ್ದಕ್ಕಿಂತ ಎದ್ದು ನಿಂತಿತ್ತು. ಆವರ್ತನದ ಈ ಭಾಗದಲ್ಲಿ ಎರಡೂ ಪಕ್ಕದ ಬ್ಯಾಂಡ್‌ಗಿಂತ 8 ಡೆಸಿಬಲ್ ಮೇಲಿದ್ದರೆ ಸದ್ದಿನಲ್ಲಿ ಸ್ವರ ಇದೆ ಅಂತ ಸದ್ದು ಅಳೆಯುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 1996 ಹೇಳುತ್ತದೆ. ಇಲ್ಲಿ ಅದಕ್ಕೂ ಜಾಸ್ತಿ ಇತ್ತು. ಜನರನ್ನು ನಿದ್ದೆಗೆಡಿಸಿದ್ದು ಈ 'ಊಂ' ಅನ್ನುವ ಒಂದೇ ಸ್ವರ.

ಇಲ್ಲಿ ನಮ್ಮ ನಿಯಮದ ಒಂದು ಕೊರತೆ ಹೇಳಲೇಬೇಕು. ನಿಯಮ ಬಳಸುವುದು ಕಿವಿಗೆ ಕೇಳುವ ಹಾಗೆ ಹೊಂದಿಸಿದ 'ಎ-ತೂಕ'ದ ಅಳತೆ, ಅದು ಕೆಳಗಿನ ಆವರ್ತನವನ್ನು ಕಡಿಮೆ ಮಾಡಿ ತೋರಿಸುತ್ತದೆ. 160 ಹರ್ಟ್ಸ್‌ನಲ್ಲಿ ಸುಮಾರು 13 ಡೆಸಿಬಲ್ ಕಡಿತ. ಸ್ವರ ಇರುವ ಸದ್ದಿಗೆ ದಂಡವಾಗಿ ಇಷ್ಟು ಸೇರಿಸಿ ಅಂತ ಬ್ರಿಟಿಷ್ ಮಾನಕದಲ್ಲಿದೆ, ನಮ್ಮ ಮಿತಿಗಳಲ್ಲಿ ಹಾಗೇನೂ ಇಲ್ಲ. ಹಾಗಾಗಿ ಕಾಗದದ ಮೇಲೆ ಒಂದೇ ಸಂಖ್ಯೆ ಬಂದರೂ ಮಳೆಯ ಸದ್ದು ಬೇರೆ, ಬ್ಲೋವರ್ ಸದ್ದು ಬೇರೆ.

ಒಂದು ಮನೆಯ ಮಲಗುವ ಕೋಣೆಯಲ್ಲಿ ಅಳೆದದ್ದು ನನಗೇ ಆಶ್ಚರ್ಯ ತಂದಿತು. ಆ ಮನೆಯಾಕೆ ಹೇಳುತ್ತಿದ್ದರು, ದಿಂಬಿನ ಹತ್ತಿರ ಜಾಸ್ತಿ ಕೇಳುತ್ತದೆ, ಎದ್ದು ಕೂತರೆ ಕಡಿಮೆ ಅಂತ. ಮನೆಯವರು ಅದನ್ನು ಭ್ರಮೆ ಅಂತ ತಳ್ಳಿಹಾಕಿದ್ದರು. ಮೀಟರ್ ಹಿಡಿದು ನೋಡಿದೆ. ದಿಂಬು ಇದ್ದ ಜಾಗ ಗೋಡೆಗೆ ತಾಗಿ. ಅಲ್ಲಿಂದ ಅರ್ಧ ಮೀಟರ್ ಈಚೆ ಬಂದರೆ ಆ ಬ್ಯಾಂಡ್ ಸರ್ರನೆ ಇಳಿಯುತ್ತಿತ್ತು. 170 ಹರ್ಟ್ಸ್‌ನ ಅಲೆಯ ಉದ್ದ ಎರಡು ಮೀಟರ್. ಗೋಡೆಯ ಬುಡದಲ್ಲಿ ಒತ್ತಡ ಹೆಚ್ಚು, ಕಾಲು ಅಲೆ ಈಚೆಗೆ ಕಡಿಮೆ. ಮಂಚವನ್ನು ಗೋಡೆಯಿಂದ ಸರಿಸಿ ಅಂದೆ. ಅದು ಪರಿಹಾರವಲ್ಲ ನಿಜ. ಆದರೆ ಆಕೆ ಹೇಳಿದ್ದು ಸರಿ ಅಂತ ಮನೆಯಲ್ಲಿ ಎಲ್ಲರೂ ಒಪ್ಪಿದರು.

ಮಾಲೀಕರನ್ನು ಒಪ್ಪಿಸುವುದು ಬೇರೆಯದೇ ಕೆಲಸ. ಡೆಸಿಬಲ್ ಬಗ್ಗೆ ಮಾತಾಡಿದರೆ ಕೇಳುತ್ತಾರೆ, ತಲೆ ಆಡಿಸುತ್ತಾರೆ, ಏನೂ ಮಾಡುವುದಿಲ್ಲ. ನಾನು ಕರೆಂಟ್ ಬಿಲ್ ಹಿಡಿದೆ. ಫ್ಯಾನಿನ ವೇಗ ಇಳಿಸಿದರೆ ಗಾಳಿ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಆದರೆ ತಿನ್ನುವ ಕರೆಂಟ್ ವೇಗದ ಘನದಂತೆ ಇಳಿಯುತ್ತದೆ. 1700ರಿಂದ 1450ಕ್ಕೆ ತಂದರೆ ಗಾಳಿ ನೂರಕ್ಕೆ 15ರಷ್ಟು ಕಡಿಮೆ, ಕರೆಂಟ್ ಮಾತ್ರ ಮೂರನೇ ಒಂದಕ್ಕಿಂತ ಜಾಸ್ತಿ ಉಳಿತಾಯ. ಸದ್ದು ಸುಮಾರು ಮೂರೂವರೆ ಡೆಸಿಬಲ್ ಇಳಿಯುತ್ತದೆ. ಈ ಲೆಕ್ಕ ಕೇಳಿ ಅವರು ಕುರ್ಚಿ ಹತ್ತಿರ ಎಳೆದುಕೊಂಡರು.

'ಗಾಳಿ ಕಮ್ಮಿ ಆದ್ರೆ ಹೊಟ್ಟು ಎಳೆಯಲ್ಲ' ಅಂತ ಆಪರೇಟರ್ ತಕರಾರು ತೆಗೆದ. ಅವನ ಮಾತಿನಲ್ಲಿ ತೂಕ ಇತ್ತು. ಡಕ್ಟ್ ಹಿಡಿದು ನಡೆದುಕೊಂಡು ಹೋದೆವು. ಜೋಡಣೆಗಳಲ್ಲಿ ಗ್ಯಾಸ್ಕೆಟ್ ಸವೆದು ಗಾಳಿ ಸೋರುತ್ತಿತ್ತು. ಊದುಬತ್ತಿ ಹಚ್ಚಿ ಹಿಡಿದರೆ ಹೊಗೆ ಬಿರುಕಿನೊಳಗೆ ಸುಯ್ಯನೆ ಹೋಗುತ್ತಿತ್ತು. ಒಂದು ಬಾಗಿನಲ್ಲಿ ಹೊಟ್ಟು ಉಜ್ಜಿ ಉಜ್ಜಿ ತಗಡು ತೂತಾಗಿ, ಅದಕ್ಕೆ ಗೋಣಿಚೀಲ ಕಟ್ಟಿದ್ದರು. ವರ್ಷಗಟ್ಟಲೆ ಸೋರಿಕೆಗೆ ಸರಿಹೋಗಲಿ ಅಂತ ಬ್ಲೋವರನ್ನು ಜೋರು ಮಾಡುತ್ತಾ ಬಂದಿದ್ದರು ಅನ್ನಿ. ಬಾಗು ಬದಲಿಸಿ, ಸೋರಿಕೆ ಮುಚ್ಚಿ, ವೇಗ ಇಳಿಯಲು ಬ್ಲೋವರ್ ಕಡೆ ದೊಡ್ಡ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ) ಹಾಕಿದ ಮೇಲೆ 1450ರಲ್ಲೇ ಹೊಟ್ಟು ಸಲೀಸಾಗಿ ಹೋಯಿತು.

ಕೊಳವೆ ಬಾಯಿಗೆ ಸೈಲೆನ್ಸರ್ ಬೇಕಿತ್ತು. ಸಾಮಾನ್ಯವಾಗಿ ಒಳಗೆ ಸದ್ದು ಹೀರುವ ನಾರು, ರಾಕ್‌ವೂಲ್ ಹಾಕುತ್ತಾರೆ. ರೈಸ್ ಮಿಲ್ಲಿನಲ್ಲಿ ಅದು ಬೇಗ ತೌಡು ಧೂಳು ಹಿಡಿದು ಗಟ್ಟಿಯಾಗುತ್ತದೆ, ಆಮೇಲೆ ಸುಮ್ನೆ ದಂಡ. ಕಾಟ ಕೊಡುವುದು ಒಂದೇ ಸ್ವರ ಆದ್ದರಿಂದ ಬೇರೆ ದಾರಿ ಹಿಡಿದೆ. ವೇಗ ಇಳಿದ ಮೇಲೆ ಸ್ವರ 145 ಹರ್ಟ್ಸ್‌ಗೆ ಬಂದಿತ್ತು. ಅದರ ಕಾಲು ಅಲೆ ಅಂದರೆ ಸುಮಾರು 60 ಸೆಂಟಿಮೀಟರ್. ಅಷ್ಟೇ ಉದ್ದದ, ಒಂದು ತುದಿ ಮುಚ್ಚಿದ ಪೈಪನ್ನು ಕೊಳವೆಯ ಪಕ್ಕಕ್ಕೆ ಬೆಸುಗೆ ಹಾಕಿಸಿದೆವು. ಒಳಗೆ ಹೋದ ಅಲೆ ಮುಚ್ಚಿದ ತುದಿಗೆ ಬಡಿದು ವಾಪಸ್ ಬರುವಷ್ಟರಲ್ಲಿ ಅರ್ಧ ಅಲೆ ಹಿಂದೆ ಬಿದ್ದಿರುತ್ತದೆ. ಬಂದ ಅಲೆಯೂ ಹೊಸ ಅಲೆಯೂ ಒಂದನ್ನೊಂದು ತಿಂದು ಹಾಕುತ್ತವೆ. ಪೈಪನ್ನು ಮೇಲ್ಮುಖವಾಗಿ ಓರೆ ಮಾಡಿ ಕೂರಿಸಬೇಕು, ಇಲ್ಲದಿದ್ದರೆ ಧೂಳು ತುಂಬಿ ಉದ್ದ ಕಡಿಮೆಯಾಗಿ ಕೆಲಸ ಕೆಡುತ್ತದೆ. ಮುಚ್ಚಳವನ್ನು ಬೋಲ್ಟ್ ಹಾಕಿ ಬಿಚ್ಚುವಂತೆ ಮಾಡಿಸಿದೆ. ಕೊಳವೆ ಬಾಯಿಯನ್ನು ನಾಲೆಯ ಕಡೆ ತಿರುಗಿಸಿದೆವು. ಇಷ್ಟೂ ಆಗಿದ್ದು ಊರಿನ ವೆಲ್ಡಿಂಗ್ ಶಾಪಿನಲ್ಲೇ.

ಉಳಿದದ್ದು ಕಟ್ಟಡ. ಗೋಡೆಗೂ ತಗಡಿನ ಚಾವಣಿಗೂ ನಡುವೆ ಉದ್ದಕ್ಕೂ ಸಂದು ಇತ್ತು. ಗೋಡೆ ಎಷ್ಟೇ ದಪ್ಪ ಇರಲಿ, ನೂರರಲ್ಲಿ ಒಂದು ಭಾಗ ತೆರೆದಿದ್ದರೆ 20 ಡೆಸಿಬಲ್‌ಗಿಂತ ಜಾಸ್ತಿ ತಡೆಯಲು ಆಗುವುದಿಲ್ಲ. ಮನೆಗಳ ಕಡೆಯ ಸಂದನ್ನು ಇಟ್ಟಿಗೆಯಿಂದ ಮುಚ್ಚಿ, ಸೆಕೆ ಆಗದಂತೆ ಎದುರು ಬದಿಯಲ್ಲಿ ಕಿಂಡಿ ಬಿಟ್ಟೆವು.

ಮತ್ತೆ ಅಳೆದಾಗ 48 ಬಂತು. ಹಗಲಿಗೆ ಆರಾಮಾಗಿ ಸಾಕು. ರಾತ್ರಿಯ 45ಕ್ಕೆ ಇನ್ನೂ ಮೂರು ಬಾಕಿ. ಅದಕ್ಕೆ ಇನ್ನಷ್ಟು ದುಡ್ಡು ಸುರಿಯಿರಿ ಅನ್ನಲು ನನಗೆ ಮನಸ್ಸಾಗಲಿಲ್ಲ. ಹತ್ತು ಗಂಟೆಯ ಮೇಲೆ ಮಿಲ್ಲು ನಿಲ್ಲಿಸುವುದು, ಲಾರಿ ಲೋಡಿಂಗ್ ಕೂಡ ಬೆಳಗ್ಗೆ ಆರರ ಮೇಲೆ, ಅಂತ ಬಡಾವಣೆಯವರೂ ಮಾಲೀಕರೂ ಕೂತು ಒಪ್ಪಿಕೊಂಡರು. ಕರೆಂಟ್ ಉಳಿತಾಯ ಇರದಿದ್ದರೆ ಮಾಲೀಕರು ಇದಕ್ಕೆ ಒಪ್ಪುತ್ತಿರಲಿಲ್ಲ ಅನ್ನುವುದು ನನ್ನ ಅಂದಾಜು.

ಬಯಲಿನಲ್ಲಿ ಸರಿಹೋಗುವ ಇದೇ ಲೆಕ್ಕ ತೀರ್ಥಹಳ್ಳಿ ಕಡೆಯ ಗುಡ್ಡಗಳಲ್ಲಿ ಹಾಗೇ ನಡೆಯುವುದಿಲ್ಲ. ಅಡಿಕೆ ಸುಲಿಯುವ ಯಂತ್ರ ಕೆಳಗೆ ತೋಟದ ಅಂಚಿನಲ್ಲಿರುತ್ತದೆ, ಮನೆ ಎದುರಿನ ಇಳಿಜಾರಿನಲ್ಲಿ. ಗೋಡೆ ಕಟ್ಟಿದರೆ ಸದ್ದು ಅದರ ತಲೆ ಮೇಲಿಂದ ನೇರವಾಗಿ ಹೋಗುತ್ತದೆ. ಅಲ್ಲಿ ನಾನು ಯಂತ್ರದ ಶೆಡ್ಡಿನ ಬಾಗಿಲು ಯಾವ ಕಡೆ ಅಂತ ಮೊದಲು ಕೇಳುತ್ತೇನೆ. ಬಾಗಿಲನ್ನು ಧರೆಯ (ಗುಡ್ಡ ಕಡಿದ ಮಣ್ಣಿನ ಗೋಡೆಯ) ಕಡೆ ತಿರುಗಿಸಿದರೆ ಎಷ್ಟೋ ಜಗಳ ಅಲ್ಲಿಗೇ ಮುಗಿಯುತ್ತದೆ.

ಮಿಲ್ಲಿನ ಹಳೇ ಪುಲ್ಲಿಯನ್ನು ಗುಜರಿಗೆ ಹಾಕಿಸಿದೆ. ಅದು ಸ್ಟೋರಿನಲ್ಲಿ ಬಿದ್ದಿದ್ದರೆ ಮುಂದಿನ ಸುಗ್ಗಿಯ ಗಡಿಬಿಡಿಯಲ್ಲಿ ಯಾರಾದರೂ ವಾಪಸ್ ಏರಿಸುತ್ತಿದ್ದರು. ಆಗ ಸ್ವರ ಮತ್ತೆ 170ಕ್ಕೆ ಹೋಗುತ್ತದೆ, 60 ಸೆಂಟಿಮೀಟರಿನ ಪೈಪು ಸುಮ್ನೆ ನೇತಾಡುತ್ತಿರುತ್ತದೆ. ಬೆಲ್ಟ್ ಸಡಿಲವಾದರೂ ವೇಗ ಆಚೀಚೆ ಆಗುತ್ತದೆ. ಹಾಗಾಗಿ ಆಪರೇಟರ್ ಕೈಗೆ ಸುತ್ತು ಎಣಿಸುವ ಟ್ಯಾಕೊಮೀಟರ್ ಒಂದನ್ನು ಕೊಡಿಸಿದ್ದೇವೆ. ಅವನು ವಾರಕ್ಕೊಮ್ಮೆ ನೋಡಿ, ಬ್ಲೋವರ್ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಾನೆ.