ಇಟಿಎ 2824 ಅನ್ನು ಕೈಯಲ್ಲೇ ಕೊರೆದು ಸ್ಕೆಲಿಟನ್ ಮಾಡಿದ್ದು

ಡಯಲ್ ತೆಗೆದರೆ ಒಳಗಿನ ಚಕ್ರಗಳೆಲ್ಲ ಕಾಣುವ ಸ್ಕೆಲಿಟನ್ ವಾಚ್ ಆಗಿಬಿಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೆ ತೆಗೆದರೆ ಕಾಣುವುದು ಹೆಚ್ಚಾಗಿ ಹಿತ್ತಾಳೆ ಪ್ಲೇಟು. ಚಕ್ರಗಳು ಅದರ ಹಿಂದೆ ಇರುತ್ತವೆ. ಆ ಪ್ಲೇಟನ್ನೂ, ಚಕ್ರಗಳನ್ನು ಹಿಂದಿನಿಂದ ಹಿಡಿದಿಡುವ ಬ್ರಿಡ್ಜ್‌ಗಳನ್ನೂ ಬೆಳಕು ಹಾಯುವ ಹಾಗೆ ಕೊರೆಯಬೇಕು. ವಾಚು ಮಾತ್ರ ಮೊದಲಿನಷ್ಟೇ ಸರಿಯಾಗಿ ನಡೆಯಬೇಕು. ವಾಚ್ ರಿಪೇರಿ ನನ್ನ ಕಸುಬು. ದುಬಾರಿ ಸ್ವಿಸ್ ವಾಚುಗಳಲ್ಲಿ ಈ ಕೆಲಸ ನೋಡಿ ನೋಡಿ, ಒಂದನ್ನು ನಾನೇ ಮಾಡಬೇಕು ಅನ್ನಿಸಿತು.

ಆರಿಸಿಕೊಂಡಿದ್ದು ಸ್ವಿಸ್ ಕಂಪನಿ ಇಟಿಎಯ 2824-2 ಅನ್ನುವ ವಾಚ್ ಯಂತ್ರ. ಆಟೋಮ್ಯಾಟಿಕ್, 25 ಜ್ಯುವೆಲ್ (ಸವೆತ ತಡೆಯಲು ಕೂರಿಸುವ ಕಲ್ಲು), ಗಂಟೆಗೆ 28,800 ಬೀಟ್. ದಪ್ಪ 4.6 ಮಿ.ಮೀ. ಅದೇ ಕಂಪನಿಯ 2892 ಇನ್ನೂ ತೆಳ್ಳಗಿದೆ, 3.6 ಮಿ.ಮೀ. ಕೊರೆಯುವವನಿಗೆ ದಪ್ಪ ಇದ್ದಷ್ಟೂ ಧೈರ್ಯ.

ಪೂರ್ತಿ ಬಿಚ್ಚಿ ತೊಳೆದು, ಮುಟ್ಟಬಾರದ ಜಾಗಗಳಿಗೆ ಮೊದಲು ಗುರುತು ಹಾಕಿದೆ. ಜ್ಯುವೆಲ್‌ಗಳ ಸುತ್ತ, ಸ್ಕ್ರೂ ತೂತುಗಳ ಸುತ್ತ, ಬ್ರಿಡ್ಜನ್ನು ಜಾಗದಲ್ಲಿ ಕೂರಿಸುವ ಪಿನ್ನುಗಳ ಹತ್ತಿರ. ಸ್ಪ್ರಿಂಗ್ ಇರುವ ಡಬ್ಬಿ, ಅಂದರೆ ಬ್ಯಾರೆಲ್ ಪಕ್ಕ ಇನ್ನೂ ಜಾಸ್ತಿ ಲೋಹ ಬಿಟ್ಟೆ. ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡಾಗ ಬ್ಯಾರೆಲ್ಲಿನ ಹಲ್ಲು ಪಕ್ಕದ ಚಕ್ರವನ್ನು ಜೋರಾಗಿ ತಳ್ಳುತ್ತದೆ. ಬ್ರಿಡ್ಜ್ ಸೊರಗಿದ್ದರೆ ಅಲ್ಲಿ ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗಿದರೂ ಸಾಕು, ಚಕ್ರ ಓರೆಯಾಗಿ ತಿರುಗುತ್ತದೆ, ಅತ್ತಿತ್ತ ತೂಗಾಡುತ್ತ ವಾಚಿನ ವೇಗ ಕಾಯುವ ಬ್ಯಾಲೆನ್ಸ್‌ಗೆ ತಲುಪುವ ಬಲ ಕಡಿಮೆಯಾಗುತ್ತದೆ. ಹಾಗಾಗಿ ಎಷ್ಟು ಕೊರೆದೆ ಅನ್ನುವುದಕ್ಕಿಂತ ಎಲ್ಲಿ ಬಿಟ್ಟೆ ಅನ್ನುವುದರಲ್ಲೇ ಈ ಕೆಲಸದ ಜಾಣ್ಮೆ ಇದೆ.

ಕೊರೆಯಲು ಬಳಸಿದ್ದು ಅಕ್ಕಸಾಲಿಗರ ಗರಗಸವನ್ನೇ. 8/0 ಅನ್ನುವ ತುಂಬಾ ಸಣ್ಣ ಬ್ಲೇಡು. ಸಣ್ಣ ತೂತು ಮಾಡಿ, ಅದರಲ್ಲಿ ಬ್ಲೇಡು ತೂರಿಸಿ, ಆಮೇಲೆ ಬಿಗಿಯುವುದು. ಗೆರೆ ಮುಟ್ಟುವ ಮುಂಚೆಯೇ ನಿಲ್ಲಿಸಿ, ಉಳಿದದ್ದನ್ನು ಸಣ್ಣ ಅರದಿಂದ ತೆಗೆದೆ.

ನಿಜವಾದ ಕೆಲಸ ಆಮೇಲೆ. ಕೊರೆದ ಪ್ರತಿ ಅಂಚನ್ನೂ 45 ಡಿಗ್ರಿಗೆ ಇಳಿಜಾರು ಮಾಡಿ ಕನ್ನಡಿಯ ಹಾಗೆ ಹೊಳೆಯಿಸಬೇಕು. ನೇರ ಅಂಚು ಸುಲಭ. ಎರಡು ಇಳಿಜಾರುಗಳು ಒಳಮೂಲೆಯಲ್ಲಿ ಸೇರುವ ಕಡೆ ಕಷ್ಟ. ಅಲ್ಲಿ ಚೂಪಾದ ಒಂದೇ ಗೆರೆ ಕಾಣಬೇಕು. ತಿರುಗುವ ಕಟರ್ ಮೂಲೆಯನ್ನು ದುಂಡಗೆ ಮಾಡಿಬಿಡುತ್ತದೆ. ಚೂಪು ಬರುವುದು ಕೈಯ ಅರದಿಂದ ಮಾತ್ರ. ಐಗ್ಲಾಸ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿಕೊಂಡು ಎರಡೂ ಕಡೆಯಿಂದ ಒಂದೊಂದೇ ಎಳೆತ. ಆಮೇಲೆ ನುಣ್ಣನೆ ಕಲ್ಲು. ಕೊನೆಗೆ ಮರದ ಕಡ್ಡಿಯ ತುದಿಗೆ ಡೈಮಂಡ್ ಪೇಸ್ಟ್ ಹಚ್ಚಿ ಉಜ್ಜುವುದು. ಸ್ವಿಟ್ಜರ್ಲೆಂಡಿನ ವಾಲೆ ದ ಜೂ ಕಣಿವೆಯ ಕೆಲಸಗಾರರು ಇದಕ್ಕೆ ಒಣಗಿದ ಜೆನ್ಷಿಯನ್ ಗಿಡದ ಕಡ್ಡಿ ಬಳಸುತ್ತಾರೆ. ಒಂದು ಸ್ಕೆಲಿಟನ್ ವಾಚು ಕೈಗೆ ಬಂದರೆ ನಾನು ಮೊದಲು ನೋಡುವುದು ಈ ಒಳಮೂಲೆಗಳನ್ನೇ. ಕೈಕೆಲಸ ಎಷ್ಟು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಸ್ಪ್ರಿಂಗಿಗೆ ತಾನಾಗಿ ಕೀ ಕೊಡುವ ರೋಟರ್ ಕೊರೆಯುವಾಗ ಹೊರ ಅಂಚಿನ ಭಾರವನ್ನು ಮುಟ್ಟಲಿಲ್ಲ. ಕೈ ಆಡಿಸಿದಾಗ ಅದನ್ನು ತಿರುಗಿಸುವುದು ಆ ಅಂಚಿನ ತೂಕ. ನಡುವಿನ ಲೋಹ ತೆಗೆದರೆ ಅಷ್ಟೇನೂ ನಷ್ಟವಿಲ್ಲ.

ಹಿಂದೆ ಚಕ್ರಗಳೇ ತುಂಬಿರುವಾಗ ಮುಳ್ಳು ಕಳೆದುಹೋಗುತ್ತದೆ ಅಲ್ವಾ? ಅದಕ್ಕೆ ಉಕ್ಕಿನ ಮುಳ್ಳುಗಳನ್ನು ನೀಲಿ ಮಾಡಿದೆ. ಹಿತ್ತಾಳೆ ಪುಡಿಯ ಮೇಲಿಟ್ಟು ಕಾಯಿಸಿದರೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ. 300 ಡಿಗ್ರಿ ಹತ್ತಿರ ಬಂದಾಗ ಕಡುನೀಲಿ. ತಕ್ಷಣ ಎತ್ತಬೇಕು, ತಡವಾದರೆ ಬಣ್ಣ ಮಂಕಾಗುತ್ತದೆ.

ಜೋಡಿಸಿ ಎಣ್ಣೆ ಹಾಕಿ, ವಾಚಿನ ನಡಿಗೆ ಅಳೆಯುವ ಟೈಮ್‌ಗ್ರಾಫರ್ ಮೇಲಿಟ್ಟೆ. ಪೂರ್ತಿ ಕೀ ಕೊಟ್ಟು ಮಲಗಿಸಿದಾಗ ಬ್ಯಾಲೆನ್ಸ್ 280 ಡಿಗ್ರಿ ದಾಟಿ ತೂಗಾಡಿತು. ಬಿಚ್ಚುವ ಮುಂಚೆ ಬರೆದಿಟ್ಟ ಅಂಕಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಬಹಳ ಖುಷಿಯಾಯಿತು.

ಮುಂದಿನದರಲ್ಲಿ ಬ್ಯಾರೆಲ್ ಮುಚ್ಚಳವನ್ನೂ ಕೊರೆಯುವ ಆಸೆ. ಸ್ಪ್ರಿಂಗ್ ಬಿಗಿಯಾಗುವುದು, ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ. ಆದರೆ ಆಟೋಮ್ಯಾಟಿಕ್‌ನಲ್ಲಿ ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡಾಗ ಅದರ ತುದಿ ಬ್ಯಾರೆಲ್ ಗೋಡೆಗೆ ಒತ್ತಿಕೊಂಡು ಜಾರುತ್ತದೆ. ಅಲ್ಲಿ ಗ್ರೀಸ್ ಬೇಕೇ ಬೇಕು. ತೂತಿನಿಂದ ಅದು ಆಚೆ ಬರದ ಹಾಗೆ ಎಲ್ಲಿ ಕೊರೆಯಬೇಕು ಅಂತ ಈಗ ಹಳೇ ಮುಚ್ಚಳಗಳ ಮೇಲೆ ನೋಡುತ್ತಿದ್ದೇನೆ.