ಹೊಸ ಡೋರೆಮಾನ್ ಯಾವಾಗ ಬರುತ್ತೆ ಅಂಕಲ್?

ಹಾಸನದ ಸಾಲಗಾಮೆ ರಸ್ತೆ ಕಡೆ ನಾನು ಕೇಬಲ್ ನಡೆಸುತ್ತೇನೆ. ಬೇಸಿಗೆ ರಜೆ ಬಂತೆಂದರೆ ಮಕ್ಕಳದ್ದು ಒಂದೇ ದೂರು: ನೋಡಿದ ಡೋರೆಮಾನ್ ಕಾರ್ಟೂನನ್ನೇ ಯಾಕೆ ಹಾಕ್ತೀರಾ? ಹಿಂದೆ ಕೇಬಲ್‌ನವರು ವಿಸಿಆರ್‌ನಲ್ಲಿ ಕ್ಯಾಸೆಟ್ ಹಾಕಿ ಸಿನಿಮಾ ಬಿಡುತ್ತಿದ್ದರಲ್ವಾ? ಈಗಲೂ ಎಲ್ಲ ನಮ್ಮ ಕೈಯಲ್ಲೇ ಇದೆ ಅಂತ ದೊಡ್ಡವರೂ ನಂಬಿದ್ದಾರೆ. ಚಾನೆಲ್ ಕಳಿಸಿದ್ದಷ್ಟೇ ನಮಗೆ ಬರುವುದು. ಆದರೂ ಮಕ್ಕಳಿಗೆ ಸುಮ್ನೆ ಏನೋ ಒಂದು ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಆಫೀಸಿನ ಟಿವಿ ನೋಡುತ್ತಾ ಯಾವ ಹೊತ್ತಿಗೆ ಯಾವ ಕಥೆ ಬಂತು ಅಂತ ನೋಟ್‌ಬುಕ್‌ನಲ್ಲಿ ಬರೆಯತೊಡಗಿದೆ.

ಬೆಳಿಗ್ಗೆ ಬಂದದ್ದೇ ಸಂಜೆ ಮತ್ತೆ ಬರುತ್ತಿತ್ತು.

ಜಪಾನಿನಲ್ಲಿ ಡೋರೆಮಾನ್ ಮೊದಲು ಟಿವಿಗೆ ಬಂದದ್ದು 1973ರಲ್ಲಿ. 1979ರಲ್ಲಿ ಮತ್ತೆ ಶುರುವಾದ ಸರಣಿ 2005ರವರೆಗೆ ನಡೆಯಿತು, ಆಮೇಲೆ ಇನ್ನೊಂದು. ಕಥೆಗಳೇ ಸಾವಿರಕ್ಕೂ ಜಾಸ್ತಿ. ಇಲ್ಲಿನ ಚಾನೆಲ್ ಅಷ್ಟನ್ನೂ ಒಟ್ಟಿಗೆ ಕೊಳ್ಳುವುದಿಲ್ಲ. ಒಂದಿಷ್ಟು ಕಂತುಗಳ ಹಕ್ಕನ್ನು ಇಷ್ಟು ವರ್ಷಕ್ಕೆ ಅಂತ ಪಡೆದು, ಡಬ್ ಮಾಡಿಸಿ, ಅವನ್ನೇ ತಿರುಗಿಸಿ ತಿರುಗಿಸಿ ಹಾಕುತ್ತದೆ. ಡೋರೆಮಾನ್ ಕಥೆಯ ಹುಡುಗ ನೊಬಿತಾ ಯಾವತ್ತೂ ಅದೇ ಕ್ಲಾಸಿನಲ್ಲಿರುತ್ತಾನೆ. ಒಂದು ಕಥೆಗೂ ಇನ್ನೊಂದಕ್ಕೂ ಕೊಂಡಿ ಇಲ್ಲ, ಹಿಂದುಮುಂದು ಮಾಡಿದರೂ ನಡೆಯುತ್ತದೆ. ಪೋಕೆಮಾನ್ ಕಾರ್ಟೂನು ಹಾಗಲ್ಲ. ಅದರ ಹುಡುಗ ಆ್ಯಶ್ ಊರೂರು ಅಲೆದು ಬ್ಯಾಡ್ಜ್ ಗೆಲ್ಲುತ್ತಾ ಹೋಗುತ್ತಾನೆ. ನಡುವೆ ನಾಲ್ಕು ಕಂತು ತಪ್ಪಿದರೆ ಮಕ್ಕಳಿಗೆ ತಲೆಬುಡ ಗೊತ್ತಾಗುವುದಿಲ್ಲ. ಅದನ್ನು ನೋಡುವವರಿಗೆ, ಬೆಳಿಗ್ಗೆ ತಪ್ಪಿದ್ದನ್ನು ಸಂಜೆ ನೋಡಿಬಿಡಿ ಅನ್ನುತ್ತೇನೆ.

ಹೊಸ ಕಂತುಗಳು ಹೆಚ್ಚಾಗಿ ರಜೆಯ ಹೊತ್ತಿಗೇ ಬರುತ್ತವೆ. ಮೊದಲೇ ಪ್ರೋಮೋ ಓಡುತ್ತದೆ. ಕಂಡ ಕೂಡಲೇ ದಿನ, ಹೊತ್ತು ಬರೆದು ನಮ್ಮ ಗ್ರಾಹಕರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ.

ಇದಕ್ಕಿಂತ ನನಗೆ ದೊಡ್ಡದು ಭಾಷೆ. 2009ರಲ್ಲಿ ಚಿಂಟು ಟಿವಿ ಬಂದಾಗ, ಕಾರ್ಟೂನು ಕನ್ನಡ ಮಾತಾಡುವುದನ್ನು ಕೇಳಿ ಅಜ್ಜಿಯರೂ ಮೊಮ್ಮಕ್ಕಳ ಜೊತೆ ಕೂತರು. ಬೇರೆ ಎಷ್ಟೋ ಮಕ್ಕಳ ಚಾನೆಲ್‌ಗಳಲ್ಲಿ ಚಿತ್ರ ಒಂದೇ, ಧ್ವನಿ ಮಾತ್ರ ಹಲವು ಭಾಷೆಗಳಲ್ಲಿ ಜೊತೆಗೇ ಬರುತ್ತದೆ. ನಮ್ಮ ಬಾಕ್ಸ್‌ಗಳು ಹಿಂದಿಯಲ್ಲೇ ಶುರುವಾಗುತ್ತವೆ. ರಿಮೋಟ್‌ನಲ್ಲಿ ಆಡಿಯೋ ಬಟನ್ ಒತ್ತಿದರೆ ಭಾಷೆಗಳ ಪಟ್ಟಿ ಬರುತ್ತದೆ, ಕನ್ನಡ ಇದ್ದರೆ ಆರಿಸಿದರಾಯಿತು. ಇದು ಗೊತ್ತಿಲ್ಲದೆ ನಮ್ಮ ಮಕ್ಕಳು ಹಿಂದಿಯಲ್ಲೇ ನೋಡುತ್ತಾ ಕೂರುವುದು ಕಂಡರೆ ಬೇಜಾರಾಗುತ್ತದೆ. ಈಗ ಯಾವ ಮನೆಗೆ ರಿಪೇರಿಗೆ ಹೋದರೂ ಮಕ್ಕಳಿದ್ದರೆ ಅದನ್ನು ಮೊದಲು ತೋರಿಸಿಕೊಡುತ್ತೇನೆ.

ಪಟ್ಟಿಯಲ್ಲಿ ಕನ್ನಡ ಕಾಣದಿದ್ದರೆ ಚಾನೆಲ್ ಡಬ್ ಮಾಡಿಸಿಲ್ಲ ಅಂತ ಕೂಡಲೇ ಅಂದುಕೊಳ್ಳಬೇಡಿ. ಒಂದು ಚಾನೆಲ್ ಹಾಗೇ ಆಗಿತ್ತು. ನೆಂಟರ ಮನೆಯ ಡಿಶ್‌ನಲ್ಲಿ ಕನ್ನಡ ಕೇಳುತ್ತಿತ್ತು, ನಮ್ಮ ಲೈನಿನಲ್ಲಿ ಇಲ್ಲ. ನಮಗೆ ಸಿಗ್ನಲ್ ಕೊಡುವ ಕಡೆಯೇ ಆ ಧ್ವನಿ ಬಿಟ್ಟುಹೋಗಿತ್ತು. ಎರಡೂ ಟಿವಿಯ ವಿಡಿಯೋ ಮಾಡಿ ಕಳಿಸಿ, ಬೆನ್ನುಬಿಡದೆ ಕೇಳಿ ಸೇರಿಸಿಕೊಂಡೆ.